ಕರೆಂಟ್ ಬನಿಯನ್

ಅವತ್ತಿನ ಅಷ್ಟೂ ಅನಾಹುತಕ್ಕೆ ಮೂಲ ಚಿಕ್ಕಬೀರಪ್ಪನ ಬೆನ್ನಿನ ತುರಿಕೆ.

ತುರಿಕೆ ಎದ್ದದ್ದು ಎರಡು ಹೆಗಲೆಲುಬುಗಳ ನಡುವೆ, ಕೈ ಮೇಲಿಂದ ಇಳಿಸಿದರೂ ತಲುಪದ, ಕೆಳಗಿಂದ ಏರಿಸಿದರೂ ಸಿಗದ ಜಾಗದಲ್ಲಿ. ಮನೆಯಲ್ಲಾಗಿದ್ದರೆ ಹೆಂಡತಿ ಅಕ್ಕಯಮ್ಮನಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆದರೆ ಅವನು ಬೆಳಗಿನ ಹಾಲು ಹಾಕಲು ಡೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದ. ಸ್ವಲ್ಪ ಹೊತ್ತು ಹಲ್ಲು ಕಚ್ಚಿ ತಡೆದ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು, ಡೇರಿಯ ಗೋಡೆಯ ಮೂಲೆಗೆ ಬೆನ್ನು ಆನಿಸಿ, ಎಮ್ಮೆ ಜಾಲಿಮರಕ್ಕೆ ಮೈ ಉಜ್ಜುವ ಹಾಗೆ ಮೇಲೆ ಕೆಳಗೆ ಉಜ್ಜಿಕೊಂಡ. ಎಷ್ಟು ಹಿತವಾಯಿತೆಂದರೆ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಅಷ್ಟರಲ್ಲಿ ಅವನ ಪಕ್ಕೆಯಲ್ಲಿ ಏನೋ ಗುರುಗುಟ್ಟಿತು. ಅದರ ಹಿಂದೆಯೇ ಪೊಲೀಸ್ ಜೀಪಿನಂಥ ಸೈರನ್ನು ಅಂಗಿಯೊಳಗಿಂದ ಕೂಗತೊಡಗಿತು. ಸಾಲಿನಲ್ಲಿದ್ದವರೆಲ್ಲ ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿ ಏನೂ ಇರಲಿಲ್ಲ. ಆಗ ಚಿಕ್ಕಬೀರಪ್ಪನ ಸೊಂಟದಿಂದ ಒಬ್ಬ ಹೆಂಗಸು ಮಾತಾಡಿದಳು.

"ರೋಗಿಯನ್ನು ಯಾರೂ ಮುಟ್ಟಬೇಡಿ. ವಿದ್ಯುತ್ ಆಘಾತ ನೀಡಲಾಗುವುದು."

ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವಂಥ ಶುದ್ಧವಾದ, ತಣ್ಣನೆಯ ಕನ್ನಡ. ಊರಿನಲ್ಲಿ ಅಂಥ ಕನ್ನಡ ಯಾರೂ ಆಡುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಒಟ್ಟಿಗೇ ಭಯವಾಯಿತು. ಚಿಕ್ಕಬೀರಪ್ಪ ಗಾಬರಿಯಲ್ಲಿ ಹಾಲಿನ ಕ್ಯಾನು ಕೈಬಿಟ್ಟು, ಸೊಂಟದಲ್ಲಿದ್ದ ಕಪ್ಪು ಪೆಟ್ಟಿಗೆಯನ್ನು ತಡಕಾಡಿ, ಅದರ ಎರಡು ಬಟನ್‌ಗಳನ್ನು ಒಟ್ಟಿಗೆ ಅದುಮಿ ಹಿಡಿದ. ಹೆಂಗಸು ಸುಮ್ಮನಾದಳು. ಹಾಲು ಚರಂಡಿಯ ಕಡೆ ಹರಿಯಿತು.

ಹಿಂದೆ ನಿಂತಿದ್ದ ಕಾಲೋನಿಯ ಮುನಿವೆಂಕಟಪ್ಪ ಅವನನ್ನು ಹಿಡಿಯಲು ಕೈ ಚಾಚಿದ್ದವನು, ಆ ಮಾತು ಕೇಳಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದ.

"ಏನಣ್ಣಾ ಅದು?"

"ಏನಿಲ್ಲ ಕಣಪ್ಪ. ಬೆನ್ನು ನೋವಿನ ಬೆಲ್ಟು."

"ಬೆನ್ನು ನೋವಿಗೆ ಯಾಕಪ್ಪಾ ಕರೆಂಟು ಹೊಡೀತೀನಿ ಅಂತಾಳೆ ಅವಳು?" ಎಂದಳು ಪಾಪಕ್ಕ. ಪಾಪಕ್ಕನ ಮನೆ ಊರಿನ ನಡುವೆ ಇತ್ತು, ಬಾಯಿ ಮಾತ್ರ ಎಲ್ಲ ಬೀದಿಯಲ್ಲೂ ಇತ್ತು. ಉತ್ತರಕ್ಕೆ ಕಾಯದೆ, ಹಾಲು ಹಾಕುವುದನ್ನೂ ಮರೆತು ಅವಳು ಹೊರಟುಬಿಟ್ಟಳು.

ಅದು ಬೆನ್ನು ನೋವಿನ ಬೆಲ್ಟಾಗಿರಲಿಲ್ಲ. ಚಿಕ್ಕಬೀರಪ್ಪ ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಗೇಟ್ ಕಾಯುತ್ತಿದ್ದ. ಮಳೆಗಾಲದಲ್ಲಿ ಒಂದು ದಿನ ಲಾರಿಗೆ ಗೇಟು ತೆರೆಯಲು ಹೋದವನು ಅಲ್ಲೇ ಕುಸಿದಿದ್ದ. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಉಳಿಯಲಿಲ್ಲ. ಬೆಂಗಳೂರಿನ ಡಾಕ್ಟರು, "ನಿಮ್ಮ ಪಂಪಿಂಗ್ ಬಹಳ ಕಮ್ಮಿ ಆಗಿದೆ. ಮಾತ್ರೆಗೆ ಚೇತರಿಸಿಕೊಳ್ಳುತ್ತೋ ಇಲ್ಲವೋ ಕೆಲವು ತಿಂಗಳಲ್ಲಿ ಗೊತ್ತಾಗುತ್ತೆ. ಅಲ್ಲೀವರೆಗೆ ಅದು ಯಾವಾಗ ಬೇಕಾದರೂ ತಾಳ ತಪ್ಪಿ ನಿಂತುಬಿಡಬಹುದು" ಎಂದಿದ್ದರು. ನಿಂತರೆ ಹೊಡೆದೆಬ್ಬಿಸಲೆಂದು ಅಂಗಿಯೊಳಗೆ ಹಾಕಿಕೊಳ್ಳುವ ಒಂದು ಬನಿಯನ್ ಕೊಟ್ಟಿದ್ದರು. ಎದೆಯ ಸುತ್ತ ಬಿಲ್ಲೆಗಳು, ಬೆನ್ನಿಗೆ ಅಗಲವಾದ ಪಟ್ಟಿಗಳು, ಸೊಂಟಕ್ಕೆ ಪೆಟ್ಟಿಗೆ. ಸ್ನಾನ ಮಾಡುವಾಗ ಬಿಟ್ಟು ಇನ್ನು ಯಾವಾಗಲೂ ಮೈಮೇಲೆ ಇರಬೇಕು. ಬಿಲ್ಲೆಗಳು ಹೃದಯದ ಬಡಿತ ಕೇಳಿಸಿಕೊಳ್ಳುತ್ತಲೇ ಇರುತ್ತವೆ. ತಾಳ ತಪ್ಪಿತೆನಿಸಿದರೆ ಮೊದಲು ಕೂಗುತ್ತವೆ. ಮನುಷ್ಯನಿಗೆ ಎಚ್ಚರವಿದ್ದರೆ ಅವನೇ ಬಟನ್ ಹಿಡಿದು 'ನಾನಿದ್ದೀನಿ' ಎಂದು ತಿಳಿಸಬೇಕು. ಯಾರೂ ಹಿಡಿಯದಿದ್ದರೆ ಕರೆಂಟು ಬಿಡುತ್ತದೆ. ಬಿಲ್ಲೆ ಜಾರಿದರೂ ಒಮ್ಮೊಮ್ಮೆ ಸುಳ್ಳು ಕೂಗು ಕೂಗುವುದುಂಟು.

"ಒಂದು ಮಾತು ನೆನಪಿಟ್ಕೊಳ್ಳಿ" ಎಂದಿದ್ದ ಅದನ್ನು ತೊಡಿಸಿದ ಹುಡುಗ. "ಬನಿಯನ್ ಹಾಕಿಕೊಂಡವರು ಮಾತ್ರ ಬಟನ್ ಒತ್ತಬೇಕು. ಪ್ರಜ್ಞೆ ತಪ್ಪಿದವರ ಪರವಾಗಿ ಬೇರೆ ಯಾರಾದ್ರೂ ಒತ್ತಿದ್ರೆ, ಅವರು ಬದುಕಿದ್ದಾರೆ ಅಂತ ಮಷೀನ್ ಸುಮ್ಮನಾಗುತ್ತೆ. ಅವರು ಹೋಗ್ತಾರೆ."

ಹೃದಯ ಸರಿಯಿಲ್ಲವೆಂದರೆ ಗೇಟ್ ಕೆಲಸಕ್ಕೆ ಮತ್ತೆ ಕರೆಯಲಾರರು ಎಂಬ ಹೆದರಿಕೆಗೆ ಚಿಕ್ಕಬೀರಪ್ಪ ಊರಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗೂ ಮಗಳು ಯಶಸ್ವಿನಿಗೂ ಮಾತ್ರ ಗೊತ್ತಿತ್ತು. ಅವರು ಕೂಡ ಆ ಪೆಟ್ಟಿಗೆ ಮಾತಾಡಿದ್ದನ್ನು ಕೇಳಿರಲಿಲ್ಲ.

ಖಾಲಿ ಕ್ಯಾನು ಹಿಡಿದು ಅವನು ಮನೆಗೆ ಬರುವ ಹೊತ್ತಿಗೆ ಸುದ್ದಿ ಮೊದಲೇ ಬಂದು, ಕಾಲು ತೊಳೆದುಕೊಂಡು, ನಡುಮನೆಯಲ್ಲಿ ಕೂತಿತ್ತು. ಪಾಪಕ್ಕ ಹೇಳಿ ಹೋಗಿದ್ದಳು: ಚಿಕ್ಕಬೀರಪ್ಪನ ಮೈಯೊಳಗೆ ಕರೆಂಟು ಬಿಟ್ಟಿದ್ದಾರೆ, ಮುಟ್ಟಿದವರು ಅಲ್ಲೇ.

ಯಶಸ್ವಿನಿ ಹಿಂದಿನ ದಿನ ದೇವನಹಳ್ಳಿಯಿಂದ ಬಂದಿದ್ದಳು. ಗಂಡನಿಗೆ ಏರ್‌ಪೋರ್ಟಿನಲ್ಲಿ ಸಾಮಾನು ಸಾಗಿಸುವ ಕಡೆ ಕೆಲಸ. ಸಂಜೆ ಅವನು ಬಂದು ಕರೆದುಕೊಂಡು ಹೋಗುವವನಿದ್ದ. ಕಂಕುಳಲ್ಲಿ ಮಗು ಹರ್ಷಿತ. ಈಗಷ್ಟೇ ಕೂರಲು ಕಲಿತ ಮಗು ತಾತನನ್ನು ಕಂಡು ಎರಡೂ ಕೈ ಚಾಚಿ ಮುಂದಕ್ಕೆ ಬಾಗಿತು. ಚಿಕ್ಕಬೀರಪ್ಪ ಕೈ ಒರೆಸಿಕೊಂಡು ಹತ್ತಿರ ಹೋದ. ಯಶಸ್ವಿನಿ ಒಂದು ಹೆಜ್ಜೆ ಹಿಂದೆ ಸರಿದಳು.

"ಅಪ್ಪ, ಅದು ಆಫ್ ಆಗಿದ್ಯಾ?"

"ಆಫ್ ಮಾಡಂಗಿಲ್ಲ ಕಣಮ್ಮ. ಸುಮ್ಸುಮ್ನೆ ಹೊಡಿಯಲ್ಲ ಅದು. ನಂಗೇನಾದ್ರೂ ಆದ್ರೆ ಮಾತ್ರ."

"ನಿಂಗೆ ಯಾವಾಗ ಆಗ್ತದೆ?"

ಅದು ಡಾಕ್ಟರಿಗೂ ಗೊತ್ತಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಪ್ಪ. ಮಗು ಅದು" ಎಂದು ಯಶಸ್ವಿನಿ ಒಳಗೆ ಹೋದಳು. ಒಳಗಿನಿಂದ ಮಗು ಅಳುವುದು ಕೇಳಿಸಿತು. ಚಿಕ್ಕಬೀರಪ್ಪ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ.

ಮನೆಯಲ್ಲಿ ಕೂರಲಾಗದೆ ಅಪ್ಪಯ್ಯಣ್ಣನ ಟೀ ಅಂಗಡಿಗೆ ಹೋದ. ಬೆಂಚಿನ ಮೇಲೆ ಕೂತಿದ್ದವರು ಇವನು ಕೂರುತ್ತಿದ್ದಂತೆ, ಮಳೆ ಹನಿ ಬಿದ್ದ ಕೋಳಿಗಳ ಹಾಗೆ ಒಬ್ಬೊಬ್ಬರೇ ಎದ್ದರು. ಅಪ್ಪಯ್ಯಣ್ಣ ಯಾವಾಗಲೂ ಗಾಜಿನ ಲೋಟದಲ್ಲಿ ಕೊಡುತ್ತಿದ್ದವನು ಇವತ್ತು ಪೇಪರ್ ಕಪ್ಪಿಗೆ ಸುರಿದು, ದೂರದಿಂದಲೇ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದ.

"ತಗಳಪ್ಪ. ಲೋಟ ಗಾಜಿಂದು, ಅದ್ಕೇ."

"ಗಾಜಲ್ಲಿ ಕರೆಂಟು ಹರಿಯಲ್ಲ ಕಣೋ ಅಪ್ಪಯ್ಯಣ್ಣ."

"ಹೌದಾ? ಇರ್ಲಿ ಬಿಡು. ಎಲ್ಲಾ ಕುಡಿಯೋ ಲೋಟ."

ಅಂಗಡಿಯ ಹೊರಗೆ ರಸ್ತೆಯ ಅಂಚಿನಲ್ಲಿ ನಿಂತು ಟೀ ಕುಡಿಯುತ್ತಿದ್ದ ಮುನಿವೆಂಕಟಪ್ಪ ಇದನ್ನು ನೋಡಿದ. ಚಿಕ್ಕಬೀರಪ್ಪ ಹುಟ್ಟಿದಾಗಿನಿಂದ ಆ ಅಂಗಡಿಗೆ ಬರುತ್ತಿದ್ದ, ಮುನಿವೆಂಕಟಪ್ಪನೂ ಬರುತ್ತಿದ್ದ. ಅವನು ಎಂದೂ ಬೆಂಚಿನ ಮೇಲೆ ಕೂತದ್ದನ್ನು ಚಿಕ್ಕಬೀರಪ್ಪ ನೋಡಿರಲಿಲ್ಲ. ನೋಡಿರಲಿಲ್ಲವೆಂಬುದು ಹೊಳೆದದ್ದೂ ಈಗಲೇ.

"ಮೊದಮೊದ್ಲು ಹಂಗೇ ಆಯ್ತದೆ ಅಣ್ಣ" ಎಂದ ಮುನಿವೆಂಕಟಪ್ಪ, ಕುಹಕವಿಲ್ಲದೆ. "ಆಮೇಲೆ ಅಭ್ಯಾಸ ಆಗೋಯ್ತದೆ."

ಚಿಕ್ಕಬೀರಪ್ಪನ ಟೀ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೆರಳಿನಲ್ಲಿ ತೆಗೆದುಹಾಕಿ, ತಣ್ಣಗಾದದ್ದನ್ನು ಕುಡಿದು ಎದ್ದ.

ಅಷ್ಟರಲ್ಲಿ ಅಕ್ಕಯಮ್ಮ ತನಗೆ ತೋಚಿದ ಒಂದು ದಾರಿ ಹಿಡಿದಿದ್ದಳು. ಕರೆಂಟಿನ ವಿಷಯ ಡಾಕ್ಟರಿಗಿಂತ ಲೈನ್‌ಮ್ಯಾನಿಗೆ ಚೆನ್ನಾಗಿ ಗೊತ್ತಿರುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದ ಲೈನ್‌ಮ್ಯಾನ್ ರವಿಚಂದ್ರನನ್ನು ಕರೆಸಿದ್ದಳು. ಅವನು ಚಿಕ್ಕಬೀರಪ್ಪನನ್ನು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಕಾಲ ಕೆಳಗೆ ಮಣೆ ಇಡಿಸಿ, ಸುತ್ತ ಒಂದು ಸುತ್ತು ಬಂದ. ಕಾಂಪೌಂಡಿನ ಆಚೆ ಅರ್ಧ ಊರು ನಿಂತಿತ್ತು. ರವಿಚಂದ್ರ ಜೇಬಿನಿಂದ ಟೆಸ್ಟರ್ ತೆಗೆದು ಚಿಕ್ಕಬೀರಪ್ಪನ ಹೆಗಲಿಗೆ ಚುಚ್ಚಿದ. ದೀಪ ಹತ್ತಲಿಲ್ಲ. ಮೊಣಕೈಗೆ ಚುಚ್ಚಿದ. ಹತ್ತಲಿಲ್ಲ. ಕಿವಿಗೆ ಚುಚ್ಚಿದಾಗ ಚಿಕ್ಕಬೀರಪ್ಪ, "ಸಾಕು ಬಿಡಪ್ಪಾ, ಗೋಡೆ ಅಲ್ಲ ನಾನು" ಎಂದ.

"ನೋಡಿದ್ಯಾ?" ಎಂದ ಹೆಂಡತಿಯ ಕಡೆ ತಿರುಗಿ. "ಏನೂ ಇಲ್ಲ."

"ಈಗ ಇಲ್ಲ" ಎಂದು ತಿದ್ದಿದ ರವಿಚಂದ್ರ. "ಈಗ ಸಪ್ಲೈ ಇಲ್ಲ ಅಂದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ ಅಂತ ಅರ್ಥ. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದೋರೆಲ್ಲ ಈಗ ಫೋಟೋದಲ್ಲಿದ್ದಾರೆ. ಅಕ್ಕಾ, ಯಾವುದಕ್ಕೂ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಊಟಕ್ಕಿಡು."

ಮನೆಯೊಳಗೆ ಚಪ್ಪಲಿ ಬಂದರೆ ದೇವರು ಹೊರಗೆ ಹೋಗುತ್ತಾನೆಂದು ಮಗಳನ್ನೂ ಗಂಡನನ್ನೂ ಒಂದೇ ಸಮ ಬೈಯುತ್ತಿದ್ದ ಅಕ್ಕಯಮ್ಮ ಆ ಮಧ್ಯಾಹ್ನ ರಬ್ಬರ್ ಚಪ್ಪಲಿ ಮೆಟ್ಟಿ ಅಡುಗೆಮನೆಯಿಂದ ಬಂದಳು. ಮುದ್ದೆಯ ತಟ್ಟೆಯನ್ನು ನೆಲದ ಮೇಲಿಟ್ಟು, ಮುದ್ದೆ ತಿರುವುವ ಕೋಲಿನಿಂದ ಗಂಡನ ಕಡೆ ನೂಕಿದಳು. ತಟ್ಟೆ ಅರ್ಧ ದಾರಿಯಲ್ಲಿ ನಿಂತಿತು. ಅವಳು ಇನ್ನೊಮ್ಮೆ ನೂಕಿದಳು. ಸಾರು ಚೆಲ್ಲಿತು.

"ನಾಯಿಗೂ ಹಿಂಗೆ ಹಾಕಲ್ಲ ಕಣೆ."

ಅಕ್ಕಯಮ್ಮ ಕೋಲು ಹಿಡಿದುಕೊಂಡೇ ಅಳತೊಡಗಿದಳು. "ನಂಗೆ ಸಾಯೋ ಭಯ ಇಲ್ಲ ಕಣ್ರೀ. ನಾನು ಹೋಗ್ಬಿಟ್ರೆ ನಿಮ್ಮ ಮಾತ್ರೆ ಯಾರು ಕೊಡ್ತಾರೆ? ಬೆಳಗ್ಗೆ ಯಾವುದು, ರಾತ್ರಿ ಯಾವುದು ಅಂತ ನಿಮಗೆ ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಊಟ ಮಾಡಿದ. ಒಳಗಿನ ಕೋಣೆಯಿಂದ ಮಗುವಿನ ನಗು ಕೇಳಿಸುತ್ತಿತ್ತು. ಸಂಜೆ ಅಳಿಯ ಬರುತ್ತಾನೆ, ಮಗು ಹೋಗುತ್ತದೆ. ಮತ್ತೆ ಬರುವ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ. ಒಂದು ಸಲ, ಒಂದೇ ಒಂದು ಸಲ ತೊಡೆಯ ಮೇಲೆ ಕೂರಿಸಿಕೊಂಡರೆ ಸಾಕು ಎನ್ನಿಸಿತು. ಬದುಕಿರುವುದಕ್ಕೆಂದು ಹಾಕಿಕೊಂಡದ್ದು ಬದುಕಿದವರ ಜೊತೆ ಕೂರಲು ಬಿಡದಿದ್ದರೆ, ಬದುಕಿ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಎದುರು ಮನೆಯಿಂದ ಕೂಗು ಬಂತು.

"ಲೇ ಚಿಕ್ಕಾ, ಬಾರ್ಲಾ ಇಲ್ಲಿ. ಏನೋ ಹಾಕ್ಕೊಂಡಿದ್ದೀಯಂತಲ್ಲ."

ಕೂಗಿದವನು ದೊಡ್ಡಬೀರಪ್ಪ, ಚಿಕ್ಕಬೀರಪ್ಪನ ದೊಡ್ಡಪ್ಪನ ಮಗ. ಏರ್‌ಪೋರ್ಟ್ ಬಂದು ಈ ಕಡೆಯ ನೆಲಕ್ಕೆಲ್ಲ ರೆಕ್ಕೆ ಬಂದ ಕಾಲದಲ್ಲಿ ಜಮೀನು ಮಾರಿ, ಗ್ರಾನೈಟ್ ಮೆಟ್ಟಿಲಿನ ಮನೆ ಕಟ್ಟಿಸಿದ್ದ. ಸಂಜೆಯಾದರೆ ಆ ಮೆಟ್ಟಿಲ ಮೇಲೆ ಬರಿಮೈಯಲ್ಲಿ ಕೂತು ಊರಿನ ಆಗುಹೋಗು ನೋಡುತ್ತಿದ್ದ. ತನ್ನ ಮೈಯ ಬಗ್ಗೆ ಅವನಿಗೆ ಬಹಳ ಅಭಿಮಾನ. ವಾರದಿಂದ ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತಿದ್ದರೂ ಅದು ಗ್ಯಾಸೆಂದು ದಿನಕ್ಕೆರಡು ಸೋಡಾ ಕುಡಿದು ಸುಮ್ಮನಿದ್ದ.

ಚಿಕ್ಕಬೀರಪ್ಪ ಬೀದಿ ದಾಟಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಗೋಡೌನು, ಹೃದಯ, ಪಂಪಿಂಗು, ಎಲ್ಲ. ಇನ್ನು ಮುಚ್ಚಿಟ್ಟು ಆಗಬೇಕಾದದ್ದು ಏನೂ ಇರಲಿಲ್ಲ.

"ಅಷ್ಟೇನಾ?" ಎಂದ ದೊಡ್ಡಬೀರಪ್ಪ. "ಅದಕ್ಕೆ ಊರಿಗೂರೇ ಹೆದರ್ಕೊಂಡು ಕೂತಿದ್ಯಾ? ಬಿಚ್ಚು ಇಲ್ಲಿ. ನಾನು ಹಾಕ್ಕೊಂಡು ತೋರಿಸ್ತೀನಿ. ನನ್ನ ಹೃದಯ ಬೋರ್‌ವೆಲ್ ಮೋಟರ್ ಇದ್ದಂಗೈತೆ, ನಂಗೇನ್ ಮಾಡ್ತದೆ ಅದು."

"ಬೇಡ ಅಣ್ಣ. ಸ್ನಾನಕ್ಕೆ ಬಿಟ್ಟು ಬಿಚ್ಚಬಾರದಂತೆ."

"ಸ್ನಾನ ಮಾಡೋವಷ್ಟೇ ಹೊತ್ತು ಕಣ್ಲಾ. ಎಲ್ರೂ ನನ್ನನ್ನ ಮುಟ್ಟಿ ನೋಡ್ಲಿ. ಏನೂ ಆಗಲ್ಲ ಅಂತ ಗೊತ್ತಾದ್ರೆ ನಿನ್ನ ಮಗಳು ಮಗು ಕೊಡ್ತಾಳೋ ಇಲ್ವೋ ನೋಡು."

ಮಗು ಎಂದ ಕೂಡಲೆ ಚಿಕ್ಕಬೀರಪ್ಪನ ಕೈ ಅಂಗಿಯ ಗುಂಡಿಗೆ ಹೋಯಿತು.

ದೊಡ್ಡಬೀರಪ್ಪನ ಮೈಗೆ ಆ ಬನಿಯನ್ ಹೊಂದಿಸುವುದು, ಅಕ್ಕಿ ಮೂಟೆಗೆ ದಿಂಬಿನ ಕವರು ತೊಡಿಸಿದ ಹಾಗಾಯಿತು. ಪಟ್ಟಿಗಳನ್ನು ಪೂರ್ತಿ ಸಡಿಲಿಸಿ, ಉಸಿರು ಬಿಗಿಹಿಡಿಸಿ, ಕೊನೆಗೆ ಕೊಂಡಿ ಕೂಡಿತು. ಚಿಕ್ಕಬೀರಪ್ಪ ಬಿಲ್ಲೆಗಳನ್ನು ಸರಿಯಾಗಿ ಕೂರಿಸಿ ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದ. ದೊಡ್ಡಬೀರಪ್ಪ ಎದ್ದು ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಬರ್ರಪ್ಪಾ, ಮುಟ್ಟಿ" ಎಂದ.

ಮೊದಲು ಅವನ ಹೆಂಡತಿ ಲಕ್ಷ್ಮೀದೇವಮ್ಮ ಒಂದು ಬೆರಳು ಸೋಕಿಸಿ ತೆಗೆದಳು. ಏನೂ ಆಗಲಿಲ್ಲ. ಅಪ್ಪಯ್ಯಣ್ಣ ಬಂದು ಭುಜ ತಟ್ಟಿದ. ರವಿಚಂದ್ರನೂ ಟೆಸ್ಟರ್ ಜೇಬಿಗಿಟ್ಟು ಕೈ ಕುಲುಕಿದ. ಪಾಪಕ್ಕ ಮುಟ್ಟಿ, ಸಾಲದೆಂದು ಇನ್ನೊಮ್ಮೆ ಮುಟ್ಟಿದಳು. ನಗು ಎದ್ದಿತು. ಬೆಳಗಿನಿಂದ ಕಾಣದಿದ್ದ ನಗು. ಎದುರು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಶಸ್ವಿನಿ ನಾಚಿಕೆಯಿಂದ ಬೀದಿ ದಾಟಿ ಬಂದಳು.

"ತಪ್ಪಾಯ್ತು ಅಪ್ಪ. ತಗೋ."

ಚಿಕ್ಕಬೀರಪ್ಪ ಮೆಟ್ಟಿಲ ಮೇಲೆ ಕೂತು ಎರಡೂ ಕೈ ಚಾಚಿದ. ಮಗುವಿನ ಕಾಲು ಅವನ ಅಂಗೈಗೆ ತಾಗಿತ್ತು ಅಷ್ಟೆ. ಸೈರನ್ನು ಕೂಗಿತು.

ಎಲ್ಲರೂ ಘೊಳ್ಳೆಂದು ನಕ್ಕರು. ದೊಡ್ಡಬೀರಪ್ಪನೂ ನಗಲು ಬಾಯಿ ತೆರೆದ.

"ಅಣ್ಣಾ, ಆ ಎರಡು ಬಟನ್ನೂ ಒಟ್ಟಿಗೆ ಹಿಡ್ಕೋ" ಎಂದ ಚಿಕ್ಕಬೀರಪ್ಪ.

ದೊಡ್ಡಬೀರಪ್ಪ ಹಿಡಿಯಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು, ನಗು ಮಾತ್ರ ಬರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವನು ಕಂಬಕ್ಕೆ ಒರಗಿ, ಹಾಗೇ ಜಾರಿ, ಮೆಟ್ಟಿಲ ಮೇಲೆ ಉರುಳಿದ.

"ನಾಟಕ ಆಡ್ತವ್ನೆ" ಎಂದರು ಯಾರೋ.

ಚಿಕ್ಕಬೀರಪ್ಪ ಹತ್ತಿರ ಬಾಗಿ ಅಣ್ಣನ ಕಣ್ಣು ನೋಡಿದ. ಅದರಲ್ಲಿ ಯಾರೂ ಇರಲಿಲ್ಲ.

"ಅಯ್ಯೋ, ಬಟನ್ ಒತ್ತೋ" ಎಂದು ಲಕ್ಷ್ಮೀದೇವಮ್ಮ ಕಿರುಚಿದಳು. "ನಿಂಗೆ ಗೊತ್ತಲ್ಲ, ಬೆಳಗ್ಗೆ ಒತ್ತಿ ನಿಲ್ಲಿಸ್ದೆಯಲ್ಲ, ಒತ್ತು."

ಪೆಟ್ಟಿಗೆ ಚಿಕ್ಕಬೀರಪ್ಪನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಒತ್ತಿದರೆ ಕೂಗು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ, ಅಣ್ಣ ಹೋಗುತ್ತಾನೆ. ಒತ್ತದಿದ್ದರೆ? ಬಿಲ್ಲೆ ಜಾರಿ ಸುಳ್ಳು ಕೂಗು ಕೂಗಿದ್ದರೆ, ಸುಮ್ಮನೆ ತಲೆ ಸುತ್ತಿ ಬಿದ್ದವನಿಗೆ ತಾನೇ ಕರೆಂಟು ಕೊಡಿಸಿದ ಹಾಗಾಗುತ್ತದೆ. ಅವನ ಕೈ ಪೆಟ್ಟಿಗೆಯವರೆಗೂ ಹೋಗಿ ಹಿಂದಕ್ಕೆ ಬಂತು.

"ಯಾರೂ ಮುಟ್ಟಬೇಡ್ರೋ" ಎಂದು ಅವನು ಎರಡೂ ಕೈ ಅಗಲಿಸಿ ಅಡ್ಡ ನಿಂತ. ಲಕ್ಷ್ಮೀದೇವಮ್ಮ ನುಗ್ಗಿದಳು. ಅವನು ತಳ್ಳಿದ. ಜೀವನದಲ್ಲಿ ಅತ್ತಿಗೆಯ ಮುಂದೆ ಕಾಲು ಚಾಚಿ ಕೂತವನೂ ಅಲ್ಲ. ಆವತ್ತು ಎರಡು ಕೈಯಿಂದ ತಳ್ಳಿದ.

ದೊಡ್ಡಬೀರಪ್ಪನ ಮೈ ಒಮ್ಮೆ ನೆಲದಿಂದ ಮೇಲೆದ್ದು ಬಿತ್ತು. ಕರೆಂಟು ಮೈ ಸುಡದಿರಲೆಂದು ಪಟ್ಟಿಗಳೊಳಗೆ ತುಂಬಿದ್ದ ನೀಲಿ ಅಂಟು ಬನಿಯನ್ನಿನ ಅಂಚಿನಿಂದ ಒಸರಿತು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಬೀರಪ್ಪ ಕೆಮ್ಮಿದ. ಕಣ್ಣು ಬಿಟ್ಟ. ಆ ಕಣ್ಣಿನಲ್ಲಿ ಮತ್ತೆ ದೊಡ್ಡಬೀರಪ್ಪನಿದ್ದ. ಅವನು ಮೊದಲು ನೋಡಿದ್ದು ಚಿಕ್ಕಬೀರಪ್ಪನನ್ನು.

"ಕರೆಂಟು ಕೊಟ್ಟು ಸಾಯಿಸಕ್ಕೆ ನೋಡ್ದೇನೋ ನನ್ನನ್ನ?"

"ಹೂಂ ರೀ" ಎಂದಳು ಲಕ್ಷ್ಮೀದೇವಮ್ಮ ಎದೆ ಬಡಿದುಕೊಳ್ಳುತ್ತ. "ಬಟನ್ ಕೈಗೆ ಸಿಗಂಗಿತ್ತು. ಒತ್ತಲಿಲ್ಲ. ನನಗೂ ಬಿಡಲಿಲ್ಲ. ನಿಂತ್ಕೊಂಡು ನೋಡ್ತಿದ್ದ. ಊರೆಲ್ಲ ಸಾಕ್ಷಿ."

ಊರೆಲ್ಲ ಸಾಕ್ಷಿಯಾಗಿತ್ತು. ಎಲ್ಲರೂ ಕಂಡದ್ದೂ ಅಷ್ಟೇ. ಚಿಕ್ಕಬೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಅಕ್ಕಯಮ್ಮನ ಫೋನು ಹೊಡೆಯಿತು. ಅವಳು ಕೇಳಿ, ಬೆಪ್ಪಾಗಿ, ಫೋನನ್ನು ಗಂಡನಿಗೆ ಕೊಟ್ಟಳು. ಆಸ್ಪತ್ರೆಯ ನರ್ಸು. ಬನಿಯನ್ ಹೊಡೆದ ಕೂಡಲೆ ಅದರ ಸುದ್ದಿ ತಾನಾಗಿ ಅಲ್ಲಿಗೆ ಮುಟ್ಟಿತ್ತು.

"ಚಿಕ್ಕಬೀರಪ್ಪನವರಿಗೆ ಹೃದಯ ನಿಂತು ಶಾಕ್ ಆಗಿದೆ. ಹೇಗಿದ್ದಾರೆ ಈಗ?"

"ನಾನೇ ಚಿಕ್ಕಬೀರಪ್ಪ. ಚೆನ್ನಾಗಿದ್ದೀನಿ."

"ಸಾರ್, ನೀವು ಎದ್ದು ಓಡಾಡಬಾರದು. ಮಲಗಿ."

"ನಂಗಲ್ಲಮ್ಮಾ ಆಗಿದ್ದು, ನಮ್ಮಣ್ಣಂಗೆ."

"ಶಾಕ್ ಆದ್ಮೇಲೆ ಸ್ವಲ್ಪ ಗೊಂದಲ ಆಗುತ್ತೆ ಸಾರ್, ಹೆದರಬೇಡಿ. ಪಕ್ಕದಲ್ಲಿ ಯಾರಾದ್ರೂ ಇದ್ದರೆ ಕೊಡಿ."

ರವಿಚಂದ್ರ ಫೋನು ಇಸಿದುಕೊಂಡು ವಿವರಿಸಿದ. ಆಮೇಲೆ ಡಾಕ್ಟರೇ ಫೋನಿಗೆ ಬಂದರು. ಬನಿಯನ್ ಯಾರ ಮೈಮೇಲಿದೆಯೋ ಅವರನ್ನು ಅಲ್ಲಾಡಿಸಬೇಡಿ, ಅದನ್ನು ಬಿಚ್ಚಲೂ ಬೇಡಿ, ಅವರ ಹೃದಯ ನಿಜವಾಗಿ ನಿಂತಿತ್ತು, ಅಂಬುಲೆನ್ಸ್ ಕಳಿಸುತ್ತಿದ್ದೇವೆ ಎಂದರು.

ದೊಡ್ಡಬೀರಪ್ಪನನ್ನು ಬನಿಯನ್ ಸಮೇತ ಎತ್ತಿಕೊಂಡು ಹೋದರು. ಅಂಬುಲೆನ್ಸಿನ ಹಿಂದೆಯೇ ಅಳಿಯನ ಕಾರು ಬಂತು. ಆದರೆ ಮಾವನಿಗೆ ಹೃದಯ ಸರಿಯಿಲ್ಲ, ಈಗ ಮೈಮೇಲೆ ಮಷೀನೂ ಇಲ್ಲವೆಂದು ತಿಳಿದು ಅವನು ಹೆಂಡತಿ ಮಗುವನ್ನು ಇನ್ನಷ್ಟು ದಿನ ಇಲ್ಲೇ ಬಿಟ್ಟ. ಚಿಕ್ಕಬೀರಪ್ಪನಿಗೆ ಆ ಸಂಕಟದಲ್ಲೂ ಒಳಗೊಳಗೇ ಖುಷಿಯಾಯಿತು. ಮೈ ಹಗುರವಾಗಿತ್ತು. ಬೆಳಗಾಗೆದ್ದು ಬಾವಿಕಟ್ಟೆಯ ಹತ್ತಿರ ಮುಖ ತೊಳೆದು ಬಂದವನು ಮಗಳ ಮುಂದೆ ಕೈ ಚಾಚಿದ.

"ಈಗ ಕೊಡವ್ವ. ಈಗ ಮೈಮೇಲೆ ಏನೂ ಇಲ್ಲ."

"ಅದಕ್ಕೇ ಕೊಡಬಾರ್ದು" ಎಂದಳು ಅಕ್ಕಯಮ್ಮ ನಡುವೆ ಬಂದು. "ನಿನ್ನೆ ದೊಡ್ಡೋರು ಬಿದ್ದಿದ್ದು ನೋಡಿದ್ರಲ್ಲ. ಅಷ್ಟು ಗಟ್ಟಿ ಆಳು. ನೀವು ಮಗೂನ ಎತ್ಕೊಂಡಿದ್ದಾಗ ಹಂಗಾದ್ರೆ? ಮಷೀನ್ ಬರೋವರೆಗೂ ಭಾರ ಎತ್ತಬಾರದು, ಒಬ್ಬರೇ ಇರಬಾರದು ಅಂತ ಡಾಕ್ಟ್ರು ಹೇಳವ್ರೆ."

"ಮಗು ಭಾರ ಏನೇ?"

"ಬಿದ್ರೆ ಗೊತ್ತಾಯ್ತದೆ."

ಇನ್ನೊಂದು ಬನಿಯನ್ ಎಲ್ಲಿಂದಲೋ ಬರಬೇಕಿತ್ತು. ಬರಲಿಲ್ಲ. ಆದರೆ ದೊಡ್ಡಬೀರಪ್ಪ ಬಂದ. ಹೃದಯದ ಕೊಳವೆಗೆ ಸ್ಟೆಂಟ್ ಎಂಬ ಬಲೆ ಹಾಕಿಸಿಕೊಂಡು, ಮೈ ಸ್ವಲ್ಪ ಇಳಿದು, ಚಿಕ್ಕಬೀರಪ್ಪನ ಅದೇ ಬನಿಯನ್ನನ್ನು ಶರ್ಟಿನ ಗುಂಡಿ ಬಿಚ್ಚಿ ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡು ಬಂದ. ನಿಮ್ಮ ತಮ್ಮನಿಗೆ ಅದು ಇಷ್ಟು ದಿನ ಒಮ್ಮೆಯೂ ಬೇಕಾಗಲಿಲ್ಲ, ನಿಮಗೆ ಮೊದಲ ದಿನವೇ ಬೇಕಾಯಿತು, ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಎಂದು ಡಾಕ್ಟರು ಹೇಳಿದ್ದರಂತೆ.

ಊರು ಅವನನ್ನು ನೋಡಲು ಕಿಕ್ಕಿರಿಯಿತು. ಸತ್ತು ಬಂದವನು. ಅಪ್ಪಯ್ಯಣ್ಣ ಗಾಜಿನ ಲೋಟದಲ್ಲಿ ಟೀ ತಂದುಕೊಟ್ಟ. ಪಾಪಕ್ಕ ಬನಿಯನ್ನಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹೆಂಗಸರು ಮಕ್ಕಳನ್ನು ತಂದು, ಆಯಸ್ಸು ಗಟ್ಟಿಯಾಗಲೆಂದು, ಅವನ ತೊಡೆಯ ಮೇಲೆ ಕೂರಿಸಿ ಎತ್ತಿಕೊಳ್ಳತೊಡಗಿದರು.

"ಈ ಮಷೀನು ಉಳಿಸ್ತು ನನ್ನ" ಎನ್ನುತ್ತಿದ್ದ ದೊಡ್ಡಬೀರಪ್ಪ ಬಂದವರಿಗೆಲ್ಲ. "ನಮ್ಮ ಚಿಕ್ಕ ಪಕ್ಕದಲ್ಲೇ ಇದ್ದ ಪಾಪ. ಏನೂ ಮಾಡ್ದೆ ನಿಂತಿದ್ದ."

ಅದು ಸುಳ್ಳೂ ಆಗಿರಲಿಲ್ಲ. ಚಿಕ್ಕಬೀರಪ್ಪ ಅದನ್ನು ತನ್ನ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಿಂದ ಕೇಳಿಸಿಕೊಂಡ. ತನ್ನ ಇಡೀ ಬದುಕಿನಲ್ಲಿ ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ ಆ ಏನೂ ಮಾಡದೆ ನಿಂತದ್ದೇ ಎಂದು ಯಾರಿಗೆ ಹೇಳುವುದು? ಗೋಡೌನಿನವರು ಗೇಟಿಗೆ ಬೇರೆಯವನನ್ನು ಹಾಕಿಕೊಂಡಿರುವುದಾಗಿ ಆವತ್ತು ಬೆಳಗ್ಗೆಯೇ ತಿಳಿಸಿದ್ದರು.

ಎದುರಿನ ಗುಂಪಿನಲ್ಲಿ ಯಶಸ್ವಿನಿ ಇದ್ದಳು. ಅವಳ ಸರದಿ ಬಂದಾಗ ಹರ್ಷಿತಳನ್ನು ದೊಡ್ಡಪ್ಪನ ತೊಡೆಯ ಮೇಲೆ ಕೂರಿಸಿದಳು. ಮಗು ಅಳಲಿಲ್ಲ. ಸೊಂಟದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು, ಬಾಯಿಗೆ ಹಾಕಿಕೊಳ್ಳಲು ನೋಡುತ್ತ ಕೇಕೆ ಹಾಕಿತು. ಯಶಸ್ವಿನಿ ಎಳೆದುಕೊಳ್ಳಲು ಹೋದರೆ, "ಇರ್ಲಿ ಬಿಡಮ್ಮ, ನನ್ನ ಹತ್ರ ಮಷೀನೈತೆ, ಮಗೂಗೆ ಭಯ ಇಲ್ಲ" ಎಂದ ದೊಡ್ಡಬೀರಪ್ಪ. ಆಮೇಲೆ ಬೀದಿಯ ಈಚೆ ನೋಡಿ, ಮೊದಲ ಸಲ ಪ್ರೀತಿಯಿಂದ ಕೂಗಿದ.

"ಲೇ ಚಿಕ್ಕಾ, ಎಂಥಾ ಜೋರು ಮಗೂನೋ ಇದು. ಬಾರ್ಲಾ, ಬಂದು ನೋಡು."

ಚಿಕ್ಕಬೀರಪ್ಪ ಕುರ್ಚಿಯ ಕೈ ಹಿಡಿದು ಎದ್ದ. ಮಗು ತಿರುಗಿ ಅವನನ್ನು ನೋಡಿ ನಕ್ಕಿತು. ಅವನು ಜಗಲಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

"ಎಲ್ಲಿಗೆ?" ಎಂದಳು ಒಳಗಿನಿಂದ ಅಕ್ಕಯಮ್ಮ. "ಅಷ್ಟು ಜನದೊಳಗೆ ಹೋಗ್ಬೇಡಿ. ಗಾಬರಿ ಆಗ್ಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?"

ಅವನು ಮೆಟ್ಟಿಲ ಮೇಲಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದು ಕೂತ. ಅಲ್ಲಿಂದ ಮಗು ಚೆನ್ನಾಗಿ ಕಾಣುತ್ತಿತ್ತು.